ಸೊನ್ನೆ, ಇಲ್ಲ, ಗೊತ್ತಿಲ್ಲ: ಕಂಪ್ಯೂಟರಿನ ವಿವರ ಕಲೆಹಾಕುವ ಪುಟ್ಟ ಉಪಕರಣ

(ಲಿನಕ್ಸ್ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುವವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಆದೇಶಗಳನ್ನೂ ಕಡತಗಳ ಹೆಸರನ್ನೂ ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದೆ. ಕೊನೆಯಲ್ಲಿ ಸಭಿಕರ ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಒಂದು ಕಾಲೇಜಿನ ಲ್ಯಾಬ್‌ನಲ್ಲಿ 60 ಲಿನಕ್ಸ್ ಯಂತ್ರಗಳಿವೆ ಅಂದುಕೊಳ್ಳಿ. ಬೇರೆ ಬೇರೆ ವರ್ಷ ಕೊಂಡವು, ಒಂದರಂತೆ ಇನ್ನೊಂದಿಲ್ಲ. ಯಾವುದರಲ್ಲಿ 4 ಜಿಬಿ ರ‍್ಯಾಮ್ ಇದೆ, ಯಾವುದರಲ್ಲಿ 8, ಯಾವುದರಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಉಳಿದಿದೆ, ಯಾವುದರ ಬಯಾಸ್ ಹಳತು. ಇಷ್ಟರ ಪಟ್ಟಿ ನಾಳೆ ಬೆಳಿಗ್ಗೆ ಮೇಜಿನ ಮೇಲಿರಬೇಕು.

ಎಲ್ಲರೂ ಮೊದಲು ಹಿಡಿಯುವ ದಾರಿ ಒಂದೇ. ಮೆಮರಿ, ಡಿಸ್ಕ್, ಪ್ರೊಸೆಸರ್ ವಿವರ ಕೊಡುವ ಫ್ರೀ, ಡಿಎಫ್, ಎಲ್‌ಎಸ್‌ಸಿಪಿಯು ಆದೇಶಗಳನ್ನು ಓಡಿಸಿ, ಬಂದದ್ದನ್ನು ಪಠ್ಯ ಹೆಕ್ಕುವ ಗ್ರೆಪ್ ಮತ್ತು ಆಕ್ ಮೂಲಕ ಹಾಯಿಸಿ, ಬೇಕಾದ ಸಂಖ್ಯೆಯನ್ನು ಕಿತ್ತುಕೊಳ್ಳುವುದು. ಮೊದಲ ಯಂತ್ರದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಹತ್ತನೆಯದರಲ್ಲೋ ಇಪ್ಪತ್ತನೆಯದರಲ್ಲೋ ಎಡವುತ್ತದೆ. ಎಡವಿ ಬಿದ್ದರೆ ಒಳ್ಳೆಯದೇ, ಕಣ್ಣಿಗೆ ಕಾಣುತ್ತದೆ. ಬೀಳದೆ ಸುಳ್ಳು ಹೇಳುವುದು ಹೆಚ್ಚು ಅಪಾಯ.

ಇದಕ್ಕೆ ಫ್ರೀ ಆದೇಶಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಳೆಯ ಫ್ರೀ ಮೂರನೆಯ ಸಾಲಿನಲ್ಲಿ ಬಫರ್ ಮತ್ತು ಕ್ಯಾಶ್ ಕಳೆದು ಉಳಿದ ಮೆಮರಿಯನ್ನು ಕೊಡುತ್ತಿತ್ತು. ಆ ಸಾಲಿನ ನಾಲ್ಕನೆಯ ಪದವೇ ನಿಜವಾಗಿ ಬಿಡುವಿರುವ ಮೆಮರಿ. ಹಾಗಾಗಿ ಲೆಕ್ಕವಿಲ್ಲದಷ್ಟು ಸ್ಕ್ರಿಪ್ಟ್‌ಗಳಲ್ಲಿ ‘ಮೂರನೆಯ ಸಾಲು, ನಾಲ್ಕನೆಯ ಪದ’ ಎಂದು ಬರೆದಿದ್ದರು. 2014ರಲ್ಲಿ ಫ್ರೀ ಸೇರಿರುವ ಪ್ರಾಕ್‌ಪಿಎಸ್-ಎನ್‌ಜಿ ಕಟ್ಟಿನ 3.3.10 ಆವೃತ್ತಿ ಬಂದಾಗ ಆ ಸಾಲನ್ನೇ ತೆಗೆದು, ಮೊದಲ ಸಾಲಿಗೆ ‘ಅವೈಲಬಲ್’ ಎಂಬ ಕಂಬ ಸೇರಿಸಿದರು. ಈಗ ಮೂರನೆಯ ಸಾಲು ಯಾವುದು? ಸ್ವಾಪ್, ಅಂದರೆ ಮೆಮರಿ ಸಾಲದಾಗ ಬಳಸುವ ಡಿಸ್ಕಿನ ಜಾಗ. ಅದರ ನಾಲ್ಕನೆಯ ಪದ? ಬಿಡುವಿರುವ ಸ್ವಾಪ್. ಸ್ಕ್ರಿಪ್ಟ್ ಮುರಿಯಲಿಲ್ಲ, ದೋಷದ ಸಂದೇಶವೂ ಬರಲಿಲ್ಲ. ಮೆಮರಿ ಎಂಬ ಹೆಸರಿನಲ್ಲಿ ಸ್ವಾಪ್‌ನ ಸಂಖ್ಯೆಯನ್ನು ಸದ್ದಿಲ್ಲದೆ ವರದಿ ಮಾಡತೊಡಗಿತು.

ಮನುಷ್ಯರ ಕಣ್ಣಿಗೆಂದು ಜೋಡಿಸಿದ ಸಾಲುಗಳು ಯಂತ್ರಕ್ಕೆ ಕೊಟ್ಟ ಮಾತಲ್ಲ. ನಾಳೆ ಬದಲಾದರೆ ಯಾರನ್ನೂ ದೂರುವ ಹಾಗಿಲ್ಲ.

‘ಈಗ ಎಲ್ಲ ಆದೇಶಗಳೂ ಜೇಸನ್ (ಪ್ರೋಗ್ರಾಂಗಳು ಓದಲೆಂದು ಹೆಸರು-ಬೆಲೆ ಜೋಡಿಗಳಾಗಿ ಬರೆದ ಪಠ್ಯ) ಕೊಡುತ್ತವಲ್ಲ’ ಎನ್ನುತ್ತೀರಿ. ಕೆಲವು ಕೊಡುತ್ತವೆ. ಐಪಿ ಆದೇಶದ ಜೇಸನ್ ಚೆನ್ನಾಗಿದೆ. ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬ್ಲಾಕ್‌ಗೆ ಜೇಸನ್ ಬಂದದ್ದು ಯುಟಿಲ್-ಲಿನಕ್ಸ್ 2.27ರಲ್ಲಿ. ಸೆಂಟ್‌ಓಎಸ್ 7ರಲ್ಲಿ ಇರುವುದು 2.23, ಅಂದರೆ ಅಲ್ಲಿ ಆ ಸೌಲಭ್ಯವೇ ಇಲ್ಲ. ಇದ್ದ ಕಡೆಯೂ ಹಳೆಯ ಆವೃತ್ತಿಗಳು ಸಂಖ್ಯೆಗೆ ಉದ್ಧರಣ ಚಿಹ್ನೆ ಹಾಕಿ ಪಠ್ಯವಾಗಿ ಕೊಡುತ್ತಿದ್ದವು, ಹೊಸವು ನಿಜವಾದ ಸಂಖ್ಯೆ ಕೊಡುತ್ತವೆ. 2.37ರಲ್ಲಿ ‘ಮೌಂಟ್‌ಪಾಯಿಂಟ್’ ಎಂಬ ಒಂಟಿ ಬೆಲೆ ಹೋಗಿ ‘ಮೌಂಟ್‌ಪಾಯಿಂಟ್ಸ್’ ಎಂಬ ಪಟ್ಟಿ ಬಂತು. ಎಲ್‌ಎಸ್‌ಸಿಪಿಯು ಕೊಡುವ ಜೇಸನ್ ನೋಡಿದರೆ ನಗು ಬರುತ್ತದೆ: ‘ಫೀಲ್ಡ್’ ಮತ್ತು ‘ಡೇಟಾ’ ಎಂಬ ಜೋಡಿಗಳ ಪಟ್ಟಿ, ಫೀಲ್ಡ್‌ನ ಹೆಸರಿನ ಕೊನೆಗೆ ಪರದೆಯ ಮೇಲೆ ಕಾಣುವ ವಿವರಣಾ ಚಿಹ್ನೆಯೂ (:) ಹಾಗೇ ಅಂಟಿಕೊಂಡಿದೆ. ಆವರಣಗಳನ್ನು ಹಾಕಿದ ಮಾತ್ರಕ್ಕೆ ಮಾಹಿತಿಗೆ ರಚನೆ ಬರುವುದಿಲ್ಲ.

ರಚನೆ ಎಂದರೆ ಏನು ಎಂಬುದಕ್ಕೆ ಹಲವು ಯಂತ್ರಗಳನ್ನು ಒಟ್ಟಿಗೆ ನಿರ್ವಹಿಸುವ ಪಪೆಟ್‌ನ ಫ್ಯಾಕ್ಟರ್ ಉಪಕರಣ ಒಂದು ಹಳೆಯ ಪಾಠ ಕಲಿಸಿದೆ. ಪಪೆಟ್ 3ರ ಕಾಲದಲ್ಲಿ ಫ್ಯಾಕ್ಟರ್ ಕಂಡುಹಿಡಿದ ಸಂಗತಿಗಳೆಲ್ಲ ಡೀಫಾಲ್ಟ್ ಆಗಿ ಪಠ್ಯವಾಗಿಯೇ ಹೋಗುತ್ತಿದ್ದವು. ‘ಈ ಯಂತ್ರ ವರ್ಚುವಲ್ಲೇ?’ ಎಂಬ ಪ್ರಶ್ನೆಗೆ ಉತ್ತರ ‘ಫಾಲ್ಸ್’ ಎಂಬ ಅಕ್ಷರಗಳ ಸಾಲು. ಖಾಲಿಯಲ್ಲದ ಯಾವುದೇ ಪಠ್ಯ ಪಪೆಟ್‌ನ ಭಾಷೆಯಲ್ಲಿ ಸತ್ಯ. ಹಾಗಾಗಿ ನಿಜವಾದ ಲೋಹದ ಯಂತ್ರವೂ ‘ವರ್ಚುವಲ್ ಆಗಿದ್ದರೆ’ ಎಂಬ ಷರತ್ತಿನೊಳಗೆ ನುಗ್ಗಿಬಿಡುತ್ತಿತ್ತು. ಪಪೆಟ್ 4ರಿಂದ ಸಂಖ್ಯೆ ಸಂಖ್ಯೆಯಾಗಿ, ಸತ್ಯಾಸತ್ಯ ಸತ್ಯಾಸತ್ಯವಾಗಿ ಉಳಿಯತೊಡಗಿತು.

ಶೆಫ್‌ನ ಓಹಾಯ್, ಆನ್ಸಿಬಲ್‌ನ ಸೆಟಪ್ ಮಾಡ್ಯೂಲ್, ಓಎಸ್‌ಕ್ವೆರಿ ಇವೆಲ್ಲ ಇದೇ ಕೆಲಸವನ್ನು ದೊಡ್ಡದಾಗಿ ಮಾಡುತ್ತವೆ. ಆದರೆ 60 ಯಂತ್ರಗಳ ಪಟ್ಟಿಗೆ ಅವುಗಳನ್ನು ಸ್ಥಾಪಿಸಹೊರಡುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಬೇಕಾದದ್ದೆಲ್ಲ ಕರ್ನಲ್ ತಾನಾಗಿಯೇ ಪ್ರಾಕ್ ಮತ್ತು ಸಿಸ್ ಎಂಬ ಎರಡು ಡೈರೆಕ್ಟರಿಗಳಲ್ಲಿ ಹರವಿ ಇಟ್ಟಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ ನಾವು ಅದನ್ನು ಬಿಟ್ಟು ಅದರ ಮೇಲೆ ಕಟ್ಟಿದ ಆದೇಶಗಳ ಬೆನ್ನು ಹತ್ತುತ್ತೇವೆ.

ಇವತ್ತು ಹೇಳಹೊರಟಿರುವ ಉಪಕರಣ ಒಂದೇ ಪೈಥಾನ್ ಕಡತ. ಪೈಥಾನ್ 3.6ರ ಮೇಲೆ ಯಾವುದಿದ್ದರೂ ಸಾಕು, ಹೊರಗಿನ ಯಾವ ಲೈಬ್ರರಿಯೂ ಬೇಡ. ಇನ್ನೂರು ಮುನ್ನೂರು ಸಾಲಿನಲ್ಲಿ ಮುಗಿಯುತ್ತದೆ. ಕಡತಗಳನ್ನು ಓದುತ್ತದೆ, ಒಂದು ಜೇಸನ್ ಬರೆಯುತ್ತದೆ, ಮುಗಿಯುತ್ತದೆ. ಹಿನ್ನೆಲೆಯಲ್ಲಿ ಓಡುತ್ತಾ ಕೂರುವುದಿಲ್ಲ. ಜೇಸನ್ ಮಾತ್ರ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ. ಎಚ್ಚರಿಕೆ, ಗೊಣಗಾಟ ಎಲ್ಲ ಸ್ಟ್ಯಾಂಡರ್ಡ್ ಎರರ್‌ಗೆ. ಇದನ್ನು ಬೆರೆಸಿದರೆ ಮುಂದೆ ಓದುವ ಪ್ರೋಗ್ರಾಂ ಮೊದಲ ಸಾಲಿನಲ್ಲೇ ಉಗುಳುತ್ತದೆ.

ಇಲ್ಲ ಎನ್ನುವುದರ ಬಗೆಗಳು

ಕೋಡ್ ಬರೆಯುವ ಮೊದಲು ನಿರ್ಧರಿಸಬೇಕಾದದ್ದು ಇದು: ಬೆಲೆ ಸಿಗದಿದ್ದಾಗ ಏನು ಬರೆಯಬೇಕು? ಖಾಲಿ ಪಠ್ಯವೇ, ಸೊನ್ನೆಯೇ, ಅಥವಾ ಬೆಲೆಯೇ ಇಲ್ಲ ಎಂದು ಸೂಚಿಸುವ ‘ನಲ್’ ಎಂಬ ಗುರುತೇ?

ಯಂತ್ರದ ಸೀರಿಯಲ್ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಅದು ಸಿಸ್ ಒಳಗೆ ಕ್ಲಾಸ್, ಡಿಎಂಐ, ಐಡಿ ಡೈರೆಕ್ಟರಿಯಲ್ಲಿ ‘ಪ್ರಾಡಕ್ಟ್_ಸೀರಿಯಲ್’ ಎಂಬ ಕಡತದಲ್ಲಿರುತ್ತದೆ. ಸಾಮಾನ್ಯ ಬಳಕೆದಾರರಾಗಿ ತೆರೆದರೆ ಅನುಮತಿ ಇಲ್ಲ ಎನ್ನುತ್ತದೆ. ಅದನ್ನು ಓದಲು ಪೂರ್ಣ ಅಧಿಕಾರದ ಬಳಕೆದಾರನಾದ ರೂಟ್‌ಗೆ ಮಾತ್ರ ಅವಕಾಶ. ರಾಸ್ಪ್‌ಬೆರಿ ಪೈಯಲ್ಲಿ ತೆರೆದರೆ ಕಡತವೇ ಇಲ್ಲ, ಏಕೆಂದರೆ ಅಲ್ಲಿ ಡಿಎಂಐ (ಬಯಾಸ್ ಒದಗಿಸುವ ಯಂತ್ರದ ವಿವರಪಟ್ಟಿ) ಎಂಬುದೇ ಇಲ್ಲ. ಅಗ್ಗದ ಮದರ್‌ಬೋರ್ಡ್‌ನಲ್ಲಿ ರೂಟ್ ಆಗಿ ತೆರೆದರೆ ‘ಟು ಬಿ ಫಿಲ್ಡ್ ಬೈ ಓ.ಇ.ಎಂ.’ ಎಂಬ ವಾಕ್ಯ ಸಿಗುತ್ತದೆ, ತಯಾರಕರು ತುಂಬಲು ಮರೆತ ಜಾಗ. ಮೂರೂ ಬೇರೆ ಬೇರೆ ಸಂಗತಿ. ಮೂರಕ್ಕೂ ಖಾಲಿ ಪಠ್ಯ ಬರೆದರೆ, ಪಟ್ಟಿ ನೋಡುವವರಿಗೆ ಮೂರೂ ‘ಸೀರಿಯಲ್ ಇಲ್ಲದ ಯಂತ್ರ’ಗಳಾಗಿ ಕಾಣುತ್ತವೆ. ಮೊದಲನೆಯದಕ್ಕೆ ಸುಡೊ ಕೊಟ್ಟರೆ ಸಾಕಿತ್ತು.

ಹಾಗಾಗಿ ಪ್ರತಿ ಕಡತವನ್ನೂ ಒಂದೇ ಫಂಕ್ಷನ್ ಮೂಲಕ ಓದಿ. ಆ ಫಂಕ್ಷನ್ ಬೆಲೆಯ ಜೊತೆಗೆ ಸ್ಥಿತಿಯನ್ನೂ ಹಿಂದಿರುಗಿಸಲಿ: ಸಿಕ್ಕಿತು, ಇಲ್ಲ, ಅನುಮತಿ ಇಲ್ಲ, ದೋಷ, ಕಾಲ ಮೀರಿತು. ಕರ್ನಲ್ ಕೊಡುವ ದೋಷ ಸಂಕೇತಗಳಲ್ಲಿ ಇನೋಎಂಟ್ ಬಂದರೆ ‘ಇಲ್ಲ’, ಇಆಕ್ಸೆಸ್ ಬಂದರೆ ‘ಅನುಮತಿ ಇಲ್ಲ’, ಇಇನ್ವಾಲ್, ಇಐಓ ಬಂದರೆ ‘ದೋಷ’. ಸಿಕ್ಕದಿದ್ದಾಗ ಬೆಲೆಯ ಜಾಗದಲ್ಲಿ ಯಾವಾಗಲೂ ನಲ್. ಸೊನ್ನೆ ಎಂದರೆ ನಿಜಕ್ಕೂ ಎಣಿಸಿ ಸೊನ್ನೆ ಬಂದಿರಬೇಕು.

ನೆಟ್‌ವರ್ಕ್ ಕಾರ್ಡ್‌ನ ವೇಗ ಇದಕ್ಕೆ ಒಳ್ಳೆಯ ಪರೀಕ್ಷೆ. ಸಿಸ್, ಕ್ಲಾಸ್, ನೆಟ್ ಒಳಗೆ ಆಯಾ ಕಾರ್ಡ್‌ನ ‘ಸ್ಪೀಡ್’ ಕಡತ ಮೆಗಾಬಿಟ್‌ನಲ್ಲಿ ವೇಗ ಕೊಡುತ್ತದೆ. ಕಾರ್ಡ್ ಡೌನ್ ಸ್ಥಿತಿಯಲ್ಲಿದ್ದರೆ ಕಡತ ಕಣ್ಣಿಗೆ ಕಾಣುತ್ತದೆ, ಓದಲು ಹೋದರೆ ಇಇನ್ವಾಲ್ ದೋಷ. ಕೇಬಲ್ ಕಿತ್ತಿದ್ದರೆ ಹಲವು ಡ್ರೈವರ್‌ಗಳು ದೋಷ ಕೊಡದೆ -1 ಕೊಡುತ್ತವೆ. ಆ -1ನ್ನು ಹಾಗೇ ಬಿಟ್ಟರೆ ನಾಳೆ ಯಾರೋ ಸರಾಸರಿ ವೇಗ ತೆಗೆಯುವಾಗ ಅದನ್ನೂ ಕೂಡಿಸುತ್ತಾರೆ. ನಲ್ ಮಾಡಿ, ಸ್ಥಿತಿ ಬರೆಯಿರಿ.

‘ಟು ಬಿ ಫಿಲ್ಡ್’ ಥರದ ತುಂಬದ ಪಠ್ಯಗಳನ್ನು ಸಂಗ್ರಹಿಸುವಾಗಲೇ ಅಳಿಸಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ. ಇಂಥ ಪಠ್ಯಗಳ ಪಟ್ಟಿ ಎಂದೂ ಮುಗಿಯುವುದಿಲ್ಲ, ತಯಾರಕರು ಹೊಸದು ಹುಟ್ಟಿಸುತ್ತಲೇ ಇರುತ್ತಾರೆ. ಸಂಗ್ರಹಿಸುವವನು ಯಂತ್ರ ಹೇಳಿದ್ದನ್ನು ಹೇಳಿದ ಹಾಗೆ ಬರೆಯಲಿ, ಶೋಧಿಸುವ ಕೆಲಸ ಪಟ್ಟಿ ಓದುವ ಕಡೆ ನಡೆಯಲಿ. ಕೊನೆಯ ಖಾಲಿ ಜಾಗ ಮತ್ತು ಸೊನ್ನೆ ಬೈಟ್ ಮಾತ್ರ ಇಲ್ಲಿಯೇ ಒರೆಸಿ. ಸೊನ್ನೆ ಬೈಟ್ ಎಲ್ಲಿಂದ ಬರುತ್ತದೆ ಅಂದರೆ, ರಾಸ್ಪ್‌ಬೆರಿ ಪೈಯಲ್ಲಿ ಮಾದರಿಯ ಹೆಸರಿರುವುದು ಪ್ರಾಕ್ ಒಳಗಿನ ಡಿವೈಸ್-ಟ್ರೀಯ ‘ಮಾಡೆಲ್’ ಕಡತದಲ್ಲಿ. ಅದು ಸಾಲು ಮುರಿದು ಮುಗಿಯುವುದಿಲ್ಲ, ಸಿ ಭಾಷೆಯ ಪಠ್ಯದಂತೆ ಸೊನ್ನೆ ಬೈಟ್‌ನಿಂದ ಮುಗಿಯುತ್ತದೆ. ಪರದೆಯ ಮೇಲೆ ಕಾಣುವುದಿಲ್ಲ. ಜೇಸನ್ ಒಳಗೆ ಸದ್ದಿಲ್ಲದೆ ಕೂರುತ್ತದೆ. ಅದನ್ನು ಪೋಸ್ಟ್‌ಗ್ರೆಸ್‌ನ ಜೇಸನ್‌ಬಿ ಕಂಬಕ್ಕೆ ತುಂಬಲು ಹೋದಾಗ ಇಡೀ ದಾಖಲೆಯೇ ತಿರಸ್ಕಾರವಾಗುತ್ತದೆ.

ಅಳತೆ ಹೆಸರಿನಲ್ಲೇ ಇರಲಿ

ಎರಡನೆಯ ನಿಯಮ ಅಳತೆಯದು. ‘ಮೆಮರಿ: 8039812’ ಎಂದು ಬರೆದರೆ ಅದು ಏನು? ಫೀಲ್ಡ್‌ನ ಹೆಸರೇ ‘ಮೆಮರಿ_ಟೋಟಲ್_ಬೈಟ್ಸ್’ ಎಂದಿರಲಿ, ಬೆಲೆ ಯಾವಾಗಲೂ ಮೂಲ ಅಳತೆಯಲ್ಲಿರಲಿ: ಗಾತ್ರ ಬೈಟ್‌ನಲ್ಲಿ, ಕಾಲ ಸೆಕೆಂಡಿನಲ್ಲಿ. ಜಿಬಿ ಎಂದು ದುಂಡು ಮಾಡುವುದು ತೋರಿಸುವವರ ಕೆಲಸ.

ಕರ್ನಲ್‌ನ ಕಡತಗಳಲ್ಲಿ ಅಳತೆಯ ಬಲೆಗಳು ಬೇಕಾದಷ್ಟಿವೆ. ನಾಲ್ಕನ್ನು ಮಾತ್ರ ಹೇಳುತ್ತೇನೆ, ಪ್ರತಿಯೊಂದೂ ಪಟ್ಟಿ ಕೆಡಿಸಲು ಸಾಕು.

ಪ್ರಾಕ್ ಒಳಗಿನ ಮೆಮ್‌ಇನ್ಫೋ ‘ಕೆಬಿ’ ಎಂದು ಬರೆಯುತ್ತದೆ, ಅದು 1000 ಬೈಟ್ ಅಲ್ಲ, 1024. ಮೇಲಿನ 8039812ನ್ನು 1024ರಿಂದ ಗುಣಿಸಿದರೆ 823,27,67,488 ಬೈಟ್. 1000ದಿಂದ ಗುಣಿಸಿದರೆ ಅದಕ್ಕಿಂತ ಸುಮಾರು 19 ಕೋಟಿ ಬೈಟ್ ಕಡಿಮೆ. ಅದೇ ಕಡತದ ‘ಹ್ಯೂಜ್‌ಪೇಜಸ್_ಟೋಟಲ್’ ಸಾಲಿಗೆ ಅಳತೆಯೇ ಇಲ್ಲ, ಅದು ಬರೀ ಎಣಿಕೆ. ಎಲ್ಲ ಸಾಲುಗಳನ್ನೂ ಕುರುಡಾಗಿ 1024ರಿಂದ ಗುಣಿಸುವ ಲೂಪ್ ಬರೆದರೆ ಅದು ಹಾಳಾಗುತ್ತದೆ.

ಡಿಸ್ಕ್‌ನ ಗಾತ್ರ ಸಿಸ್, ಬ್ಲಾಕ್ ಒಳಗಿನ ‘ಸೈಜ್’ ಕಡತದಲ್ಲಿದೆ. ಅದು ಸೆಕ್ಟರ್‌ಗಳ ಸಂಖ್ಯೆ. ಇಲ್ಲಿ ಸೆಕ್ಟರ್ ಎಂದರೆ ಯಾವಾಗಲೂ 512 ಬೈಟ್, ಡಿಸ್ಕ್‌ನ ನಿಜವಾದ ಬ್ಲಾಕ್ 4096 ಆಗಿದ್ದರೂ ಕೂಡ. 1953525168 ಎಂದಿದ್ದರೆ 512ರಿಂದ ಗುಣಿಸಿ, ಒಂದು ಟಿಬಿ ಬರುತ್ತದೆ. ಜಾಣತನ ಮಾಡಿ ಡಿಸ್ಕ್‌ನ ಬ್ಲಾಕ್ ಗಾತ್ರ ಕೇಳಿ ಅದರಿಂದ ಗುಣಿಸಿದವರ ಪಟ್ಟಿಯಲ್ಲಿ ಅದು 8 ಟಿಬಿ.

ತಾಪಮಾನ ಮಿಲಿಡಿಗ್ರಿಯಲ್ಲಿರುತ್ತದೆ, 47000 ಎಂದರೆ 47 ಡಿಗ್ರಿ ಸೆಲ್ಸಿಯಸ್. ಇದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ್ದು ಏನೆಂದರೆ ಎಚ್‌ಡಬ್ಲ್ಯುಮಾನ್ ಡೈರೆಕ್ಟರಿಗಳ ಕೊನೆಯ ಸಂಖ್ಯೆ ಪ್ರತಿ ಬೂಟ್‌ಗೂ ಬದಲಾಗಬಹುದು ಎಂಬುದು. ಇವತ್ತಿನ ಎಚ್‌ಡಬ್ಲ್ಯುಮಾನ್ 2 ಪ್ರೊಸೆಸರ್ ಆಗಿದ್ದು ನಾಳೆ ಎನ್‌ವಿಎಂಇ ಡಿಸ್ಕ್ ಆಗಬಹುದು. ಒಳಗಿರುವ ‘ನೇಮ್’ ಕಡತ ಓದಿ ಗುರುತಿಸಿ.

ನಾಲ್ಕನೆಯದು ನನಗೆ ತುಂಬಾ ಇಷ್ಟವಾದ ಬಲೆ. 8 ಜಿಬಿ ಮೆಮರಿ ಕಡ್ಡಿ ಹಾಕಿದ ಯಂತ್ರದಲ್ಲಿ ಮೆಮ್‌ಇನ್ಫೋದ ಒಟ್ಟು ಮೊತ್ತ ಎಂದೂ ಪೂರ್ತಿ 8 ಇರುವುದಿಲ್ಲ. ಫರ್ಮ್‌ವೇರ್, ಕರ್ನಲ್, ಜೊತೆಗಿರುವ ಗ್ರಾಫಿಕ್ಸ್ ಮೊದಲೇ ತಮ್ಮ ಪಾಲು ತೆಗೆದುಕೊಂಡಿರುತ್ತವೆ. ಹಾಕಿದ ರ‍್ಯಾಮ್‌ಗೆ ಹತ್ತಿರದ ಉತ್ತರ ಬೇಕೆಂದರೆ ಸಿಸ್ ಒಳಗಿನ ಮೆಮರಿ ಬ್ಲಾಕ್‌ಗಳನ್ನು ಎಣಿಸಿ ‘ಬ್ಲಾಕ್_ಸೈಜ್_ಬೈಟ್ಸ್’ನಿಂದ ಗುಣಿಸಬಹುದು. ಆ ಕಡತದಲ್ಲಿ 8000000 ಎಂದಿರುತ್ತದೆ. ಎಂಬತ್ತು ಲಕ್ಷ ಬೈಟ್ ಎಂದುಕೊಂಡಿರಾ? ಅದು ಹದಿನಾರರ ಆಧಾರದ ಸಂಖ್ಯೆ. ಮುಂದೆ ಯಾವ ಗುರುತೂ ಇಲ್ಲ. ನಿಜವಾದ ಬೆಲೆ 13,42,17,728, ಅಂದರೆ 128 ಮೆಗಾಬೈಟ್. ಕಡ್ಡಿ ಕಡ್ಡಿಯ ವಿವರವೇ ಬೇಕೆಂದರೆ ರೂಟ್ ಆಗಿ ಡಿಎಂಐಡಿಕೋಡ್‌ನ 17ನೆಯ ಬಗೆಯನ್ನು ಓದಬಹುದು.

ಡಿಸ್ಕ್, ಪ್ರೊಸೆಸರ್, ಗುರುತು

ಡಿಸ್ಕ್‌ಗಳ ಪಟ್ಟಿಗೆ ಸಿಸ್, ಬ್ಲಾಕ್ ಡೈರೆಕ್ಟರಿ ತೆರೆದರೆ ಲೂಪ್, ಜೀರ‍್ಯಾಮ್, ಡಿಎಂ ಎಲ್ಲ ಬರುತ್ತವೆ. ಉಬುಂಟುವಿನಲ್ಲಿ ಪ್ರತಿ ಸ್ನ್ಯಾಪ್‌ಗೂ ಒಂದೊಂದು ಲೂಪ್. ಒಳಗೆ ‘ಡಿವೈಸ್’ ಎಂಬ ಕೊಂಡಿ ಇರುವವುಗಳನ್ನು ಮಾತ್ರ ಇಟ್ಟುಕೊಂಡರೆ ಈ ಗಲಾಟೆ ಮುಗಿಯುತ್ತದೆ. ಸಾಟಾ ಡಿಸ್ಕ್‌ನ ‘ಮಾಡೆಲ್’ ಕಡತ ಅರ್ಧಕ್ಕೆ ತುಂಡಾಗಿ ಕಂಡರೆ ಗಾಬರಿ ಬೇಡ: ಆ ಹೆಸರು ಬರುವುದು ಸ್ಕಸಿ ಪದ್ಧತಿಯ ಮೂಲಕ, ಅಲ್ಲಿ ಮಾದರಿಗೆ 16 ಅಕ್ಷರ ಮಾತ್ರ ಜಾಗ. ಪೂರ್ತಿ ಹೆಸರು ಸಾಧನಗಳ ಲೆಕ್ಕವಿಡುವ ಯುಡೆವ್‌ನ ಬಳಿ ಇರುತ್ತದೆ, ಎಲ್‌ಎಸ್‌ಬ್ಲಾಕ್ ತರುವುದೂ ಅಲ್ಲಿಂದಲೇ. ತಿರುಗುವ ಡಿಸ್ಕೋ ಅಲ್ಲವೋ ಎಂಬುದನ್ನು ‘ಕ್ಯೂ’ ಒಳಗಿನ ‘ರೊಟೇಷನಲ್’ ಕಡತ 1 ಅಥವಾ 0 ಎಂದು ಹೇಳುತ್ತದೆ. ಯುಎಸ್‌ಬಿ ಡಬ್ಬಿಯೊಳಗಿನ ಎಸ್‌ಎಸ್‌ಡಿ, ವರ್ಚುವಲ್ ಯಂತ್ರದ ಡಿಸ್ಕ್ ಎಷ್ಟೋ ಸಲ 1 ಎಂದೇ ಹೇಳುತ್ತವೆ. ಅದು ಕರ್ನಲ್‌ನ ಊಹೆ, ಅಳತೆಯಲ್ಲ.

ಪ್ರೊಸೆಸರ್‌ನ ಹೆಸರಿಗೆ ಎಲ್ಲರೂ ಸಿಪಿಯುಇನ್ಫೋ ತೆರೆಯುತ್ತಾರೆ. ಇಂಟೆಲ್, ಎಎಂಡಿ ಯಂತ್ರದಲ್ಲಿ ‘ಮಾಡೆಲ್ ನೇಮ್’ ಸಿಗುತ್ತದೆ. 64 ಬಿಟ್‌ನ ಆರ್ಮ್ ಯಂತ್ರದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ತಯಾರಕ ಮತ್ತು ಭಾಗದ ಸಂಕೇತಗಳು ಮಾತ್ರ. ‘ಫ್ಲಾಗ್ಸ್’ ಜಾಗದಲ್ಲಿ ‘ಫೀಚರ್ಸ್’. ಇನ್ನು ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂಬುದಕ್ಕೆ ಪ್ರಾಕ್‌ನ ‘ಸ್ಟ್ಯಾಟ್’ ಕಡತವನ್ನು ಒಮ್ಮೆ ಓದಿ ಶೇಕಡಾ ತೆಗೆದರೆ, ಬೂಟ್ ಆದಾಗಿನಿಂದ ಇವತ್ತಿನವರೆಗಿನ ಸರಾಸರಿ ಬರುತ್ತದೆ. ಒಂದು ಸೆಕೆಂಡಿನ ಅಂತರದಲ್ಲಿ ಎರಡು ಸಲ ಓದಿ ವ್ಯತ್ಯಾಸ ಹಿಡಿಯಬೇಕು. ಒಟ್ಟು ಕೂಡಿಸುವಾಗ ‘ಗೆಸ್ಟ್’ ಕಂಬವನ್ನು ಸೇರಿಸಬೇಡಿ, ಅದು ‘ಯೂಸರ್’ ಒಳಗೆ ಆಗಲೇ ಸೇರಿದೆ. ನಿಜ ಹೇಳಬೇಕೆಂದರೆ ಇಂಥ ಕ್ಷಣಕ್ಷಣಕ್ಕೂ ಓಡುವ ಸಂಖ್ಯೆಗಳಿಗೆ ಈ ಉಪಕರಣದಲ್ಲಿ ಜಾಗವೇ ಬೇಡ. ಸ್ಥಿರ ಸಂಗತಿಗಳು ಒಂದು ಕಡತದಲ್ಲಿ, ಚಲಿಸುವವು ಇನ್ನೊಂದರಲ್ಲಿ. ಸ್ಥಿರವಾದದ್ದನ್ನು ಕೀಲಿಗಳ ಅಕಾರಾದಿ ಕ್ರಮದಲ್ಲಿ ಬರೆದು ಗಿಟ್‌ನಲ್ಲಿಟ್ಟರೆ, ಯಾರೋ ರ‍್ಯಾಮ್ ಕಡ್ಡಿ ಕಿತ್ತ ದಿನ ಒಂದೇ ಸಾಲಿನ ವ್ಯತ್ಯಾಸ ಎದ್ದು ಕಾಣುತ್ತದೆ. ತಾಪಮಾನವನ್ನೂ ಅಲ್ಲೇ ತುರುಕಿದರೆ ಪ್ರತಿ ದಿನ 60 ಕಡತವೂ ಬದಲಾಗಿ ಯಾರೂ ನೋಡದಂತಾಗುತ್ತದೆ.

ಯಂತ್ರದ ಗುರುತು ಯಾವುದು? ಹೋಸ್ಟ್‌ನೇಮ್ ಯಾರು ಬೇಕಾದರೂ ಬದಲಿಸಬಹುದು. ಇಟಿಸಿ ಒಳಗಿನ ಮಷಿನ್-ಐಡಿ 32 ಅಂಕಿಗಳ ಒಳ್ಳೆಯ ಗುರುತು, ಆದರೆ ಲ್ಯಾಬ್‌ಗಳಲ್ಲಿ ಒಂದು ಯಂತ್ರ ಸಿದ್ಧಪಡಿಸಿ ಅದರ ಡಿಸ್ಕನ್ನು ಉಳಿದವಕ್ಕೆ ನಕಲು ಮಾಡುವುದು ವಾಡಿಕೆ. ನಕಲಾದ ಎಲ್ಲವಕ್ಕೂ ಒಂದೇ ಮಷಿನ್-ಐಡಿ. ಅದನ್ನೇ ಕೀಲಿಯಾಗಿಟ್ಟರೆ 60 ಯಂತ್ರಗಳ ಪಟ್ಟಿಯಲ್ಲಿ ಒಂದೇ ಸಾಲು ಉಳಿಯುತ್ತದೆ. ನಕಲು ಮಾಡುವ ಮೊದಲು ಆ ಕಡತವನ್ನು ಖಾಲಿ ಮಾಡಿದರೆ ಮುಂದಿನ ಬೂಟ್‌ನಲ್ಲಿ ಸಿಸ್ಟಮ್‌ಡಿ ಹೊಸದನ್ನು ಹುಟ್ಟಿಸುತ್ತದೆ. ಡಿಎಂಐ ಕೊಡುವ ಯುಯುಐಡಿ ಸುರಕ್ಷಿತ ಎಂದುಕೊಳ್ಳುವಂತಿಲ್ಲ: 03000200-0400-0500-0006-000700080009 ಎಂಬ ಯುಯುಐಡಿ ಹೊತ್ತ ಬೋರ್ಡ್‌ಗಳು ಪ್ರಪಂಚದ ತುಂಬಾ ಇವೆ. ನಮ್ಮ ಸಲಹೆ, ಒಂದನ್ನೇ ನಂಬದೆ ಮೂರನ್ನು ಬರೆಯಿರಿ: ಮಷಿನ್-ಐಡಿ, ಯುಯುಐಡಿ, ಮೊದಲ ನಿಜವಾದ ಕಾರ್ಡ್‌ನ ಮ್ಯಾಕ್ ವಿಳಾಸ. ನಿಜವಾದ ಕಾರ್ಡ್‌ಗೆ ನೆಟ್ ಡೈರೆಕ್ಟರಿಯಲ್ಲಿ ‘ಡಿವೈಸ್’ ಕೊಂಡಿ ಇರುತ್ತದೆ, ‘ಆಡ್ರ್_ಅಸೈನ್_ಟೈಪ್’ ಕಡತದಲ್ಲಿ 0 ಇರುತ್ತದೆ. 1 ಎಂದಿದ್ದರೆ ಆ ವಿಳಾಸ ಯಾದೃಚ್ಛಿಕ, 3 ಎಂದರೆ ಯಾರೋ ಕೈಯಿಂದ ಹಾಕಿದ್ದು.

ನಿಂತುಬಿಡುವ ಜಾಗ

ಇಷ್ಟೆಲ್ಲ ಕಡತ ಓದುವುದು ಒಂದು ಚಿಟಿಕೆಯ ಕೆಲಸ. ಉಪಕರಣ ಅಲುಗಾಡದೆ ನಿಂತುಬಿಡುವುದು ಒಂದೇ ಕಡೆ, ಫೈಲ್‌ಸಿಸ್ಟಮ್‌ನ ಖಾಲಿ ಜಾಗ ಕೇಳುವಾಗ. ಏನೇನು ಮೌಂಟ್ ಆಗಿದೆ ಎಂಬ ಪಟ್ಟಿಯನ್ನು ಮೌಂಟ್‌ಇನ್ಫೋದಿಂದ ಓದುವುದು ನಿಲ್ಲುವುದಿಲ್ಲ. ಪ್ರತಿಯೊಂದಕ್ಕೂ ಖಾಲಿ ಜಾಗ ಹೇಳುವ ಸ್ಟ್ಯಾಟ್‌ವಿಎಫ್‌ಎಸ್ ಕರೆದಾಗ, ಆ ಪೈಕಿ ಒಂದು ಎನ್‌ಎಫ್‌ಎಸ್ (ಜಾಲದ ಮೂಲಕ ಬರುವ ಡಿಸ್ಕ್) ಆಗಿದ್ದು ಅದರ ಸರ್ವರ್ ಆರಿಹೋಗಿದ್ದರೆ, ನಿಮ್ಮ ಪ್ರೋಗ್ರಾಂ ಅಲ್ಲೇ ಕಾಯುತ್ತದೆ. ಪೈಥಾನ್‌ನಲ್ಲಿ ಅಲಾರ್ಮ್ ಸಿಗ್ನಲ್ ಇಟ್ಟು ತಪ್ಪಿಸಿಕೊಳ್ಳೋಣ ಎಂದರೆ ಆಗದು: ಆ ಸ್ಥಿತಿಯ ಪ್ರಕ್ರಿಯೆ ಕೊಲ್ಲುವ ಸಿಗ್ನಲ್‌ಗೆ ಮಾತ್ರ ಕಿವಿಗೊಡುತ್ತದೆ, ಹ್ಯಾಂಡ್ಲರ್ ಇರುವ ಸಿಗ್ನಲ್‌ಗೆ ಏಳುವುದಿಲ್ಲ. ಇರುವುದು ಎರಡು ದಾರಿ. ಸ್ಟ್ಯಾಟ್‌ವಿಎಫ್‌ಎಸ್ ಕೆಲಸವನ್ನು ಮಗು ಪ್ರಕ್ರಿಯೆಗೆ ಒಪ್ಪಿಸಿ, 2 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಅದನ್ನು ಕೊಂದು ‘ಕಾಲ ಮೀರಿತು’ ಎಂದು ಬರೆಯುವುದು. ಅಥವಾ ಎನ್‌ಎಫ್‌ಎಸ್, ಸಿಫ್ಸ್, ಫ್ಯೂಸ್ ಬಗೆಯವನ್ನು ಕೇಳದೆಯೇ ಬಿಡುವುದು. ದಾಸ್ತಾನು ಪಟ್ಟಿಗೆ ಎರಡನೆಯದೇ ಸಾಕು.

ಮೌಂಟ್‌ಇನ್ಫೋ ಸಾಲನ್ನು ಖಾಲಿ ಜಾಗದಲ್ಲಿ ಒಡೆದು ‘ಒಂಬತ್ತನೆಯ ಪದ’ ಎಂದು ಎಣಿಸಬೇಡಿ. ನಡುವೆ ಐಚ್ಛಿಕ ಫೀಲ್ಡ್‌ಗಳಿವೆ, ಅವು ಎಷ್ಟು ಬೇಕಾದರೂ ಇರಬಹುದು, ಇಲ್ಲದೆಯೂ ಇರಬಹುದು. ಒಂಟಿ ಅಡ್ಡಗೆರೆ (-) ಸಿಗುವವರೆಗೆ ಹೋಗಿ, ಅಲ್ಲಿಂದ ಮುಂದಿನದು ಫೈಲ್‌ಸಿಸ್ಟಮ್‌ನ ಬಗೆ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಅದು \040 ಎಂದು ಬಂದಿರುತ್ತದೆ, ಬಿಡಿಸಿಕೊಳ್ಳಬೇಕು. ಗಾತ್ರಕ್ಕೆ ಸ್ಟ್ಯಾಟ್‌ವಿಎಫ್‌ಎಸ್ ಕೊಡುವ ಎಫ್_ಎಫ್‌ಆರ್‌ಸೈಜ್‌ನಿಂದ ಗುಣಿಸಿ, ಎಫ್_ಬಿಸೈಜ್‌ನಿಂದಲ್ಲ. ಖಾಲಿ ಜಾಗದಲ್ಲೂ ಎರಡು ಬಗೆ: ಎಫ್_ಬಿಫ್ರೀ ರೂಟ್‌ಗೆ ಕಾಣುವ ಜಾಗ, ಎಫ್_ಬಿಅವೈಲ್ ಉಳಿದವರಿಗೆ. ಇಎಕ್ಸ್‌ಟಿ4 ಸಾಮಾನ್ಯವಾಗಿ 5% ಜಾಗವನ್ನು ರೂಟ್‌ಗೆಂದು ತೆಗೆದಿಡುವುದರಿಂದ ಇವೆರಡು ಹೊಂದುವುದಿಲ್ಲ. ಎರಡನ್ನೂ ಬರೆಯಿರಿ.

ಕನ್ನಡಿಗರು ಗಮನಿಸಬೇಕಾದ ಒಂದು ಮಾತು. ಪೆನ್ ಡ್ರೈವ್‌ಗೆ ‘ಫೋಟೋಗಳು’ ಎಂದು ಹೆಸರಿಟ್ಟರೆ ಮೌಂಟ್ ದಾರಿಯಲ್ಲಿ ಕನ್ನಡ ಅಕ್ಷರಗಳೇ ಬರುತ್ತವೆ. ಕಡತಗಳನ್ನು ಬೈಟ್‌ಗಳಾಗಿ ಓದಿ, ಆಮೇಲೆ ಯುಟಿಎಫ್-8 ಎಂದು ಬಿಡಿಸಿ. ಪೈಥಾನ್‌ನ ಜೇಸನ್ ಡೀಫಾಲ್ಟ್ ಆಗಿ ಕನ್ನಡವನ್ನು ಸಂಕೇತಗಳಾಗಿ ಬರೆಯುತ್ತದೆ. ತಪ್ಪೇನಲ್ಲ, ಕಣ್ಣಿಗೆ ಓದಲು ಆಗುವುದಿಲ್ಲ ಅಷ್ಟೆ. ‘ಎನ್ಶೂರ್_ಆಸ್ಕಿ’ಯನ್ನು ಫಾಲ್ಸ್ ಮಾಡಿದರೆ ಅಕ್ಷರವೇ ಬರುತ್ತದೆ. ಯುಟಿಎಫ್-8 ಅಲ್ಲದ ಬೈಟ್ ಸಿಕ್ಕರೆ ‘ಸರೊಗೇಟ್‌ಎಸ್ಕೇಪ್’ ಬಳಸಬೇಡಿ, ಅದು ಒಂಟಿ ಸರೊಗೇಟ್‌ಗಳನ್ನು ಜೇಸನ್‌ಗೆ ತಳ್ಳುತ್ತದೆ, ಕಟ್ಟುನಿಟ್ಟಿನ ಪಾರ್ಸರ್‌ಗಳು ಒಪ್ಪುವುದಿಲ್ಲ. ‘ಬ್ಯಾಕ್‌ಸ್ಲ್ಯಾಶ್‌ರಿಪ್ಲೇಸ್’ ಸಾಕು. ಇನ್ನು ಯಾವುದಾದರೂ ಹೊರ ಆದೇಶ ಓಡಿಸಲೇಬೇಕಾದರೆ ಲೊಕೇಲನ್ನು ಸಿ.ಯುಟಿಎಫ್-8 ಎಂದು ಕಟ್ಟಿಹಾಕಿ. ಯಂತ್ರದ ಭಾಷೆ ಕನ್ನಡವಾಗಿದ್ದರೆ ಡೇಟ್ ಆದೇಶ ತಿಂಗಳ ಹೆಸರನ್ನು ಕನ್ನಡದಲ್ಲೇ ಕೊಡುತ್ತದೆ, ಇಂಗ್ಲಿಷ್ ತಿಂಗಳು ಹುಡುಕುವ ಸ್ಕ್ರಿಪ್ಟ್ ಅಲ್ಲಿ ಮಗುಚುತ್ತದೆ. ಬರೀ ಸಿ ಎಂದು ಕೊಟ್ಟರೆ ಹಲವು ಉಪಕರಣಗಳು ಕನ್ನಡವನ್ನು ಪ್ರಶ್ನಾರ್ಥಕ ಚಿಹ್ನೆ ಮಾಡಿಬಿಡುತ್ತವೆ.

ಸಂಗ್ರಹಿಸಿದ ಕಾಲವನ್ನು ಯುಟಿಸಿಯಲ್ಲಿ ಬರೆಯಿರಿ, ಅಥವಾ ಕೊನೆಗೆ +05:30 ಕಡ್ಡಾಯವಾಗಿ ಇರಲಿ. ಜೊತೆಗೆ ಬೂಟ್_ಐಡಿ ಮತ್ತು ಅಪ್‌ಟೈಮ್ ಇರಲಿ. ಗಡಿಯಾರದ ಬ್ಯಾಟರಿ ಇಲ್ಲದ ಯಂತ್ರ ಬೂಟ್ ಆದ ತಕ್ಷಣ, ಜಾಲದಿಂದ ಸಮಯ ಸಿಗುವ ಮೊದಲು, ಹಳೆಯ ದಿನಾಂಕವನ್ನೇ ಹೇಳುತ್ತಿರುತ್ತದೆ. ಬೂಟ್_ಐಡಿ ಇದ್ದರೆ ಆ ದಾಖಲೆಯನ್ನು ಆಮೇಲಿನದಕ್ಕೆ ಹೊಂದಿಸಬಹುದು.

60 ಯಂತ್ರಗಳ ಮೇಲೆ

ಉಪಕರಣವನ್ನು ಎಲ್ಲೂ ಸ್ಥಾಪಿಸಬೇಕಿಲ್ಲ. ಎಸ್‌ಎಸ್‌ಎಚ್ ಮೂಲಕ ಪೈಥಾನ್ 3ನ್ನು ಒಂದು ಅಡ್ಡಗೆರೆಯೊಂದಿಗೆ ಕರೆದು, ಕಡತವನ್ನು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಕಳಿಸಿದರೆ ಅಲ್ಲಿ ಓಡಿ ಜೇಸನ್ ಮಾತ್ರ ಹಿಂದಿರುಗುತ್ತದೆ. ‘ಬ್ಯಾಚ್‌ಮೋಡ್’ ಆನ್ ಮಾಡಿ, ಇಲ್ಲದಿದ್ದರೆ ಕೀಲಿ ಹೊಂದದ ಯಂತ್ರ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ. ‘ಕನೆಕ್ಟ್‌ಟೈಮ್‌ಔಟ್’ 5 ಸೆಕೆಂಡ್. ಎಕ್ಸ್‌ಆರ್ಗ್ಸ್‌ನಿಂದ ಒಮ್ಮೆಗೆ 10 ಯಂತ್ರ. ಬಂದದ್ದನ್ನು ಮೊದಲು ತಾತ್ಕಾಲಿಕ ಕಡತಕ್ಕೆ ಬರೆದು, ಜೇಸನ್ ಸರಿಯಿದೆಯೇ ನೋಡಿ, ಆಮೇಲೆ ಹೆಸರು ಬದಲಿಸಿ. ಹೀಗೆ ಮಾಡದಿದ್ದರೆ ನಡುವೆ ಕಡಿದುಹೋದ ಸಂಪರ್ಕ ನಿನ್ನೆಯ ಒಳ್ಳೆಯ ಕಡತವನ್ನೂ ಅಳಿಸಿರುತ್ತದೆ. ಉತ್ತರ ಕೊಡದ ಯಂತ್ರಕ್ಕೂ ಒಂದು ದಾಖಲೆ ಇರಲಿ. ಪಟ್ಟಿಯಲ್ಲಿ 57 ಸಾಲು ಬಂದು ಉಳಿದ ಮೂರು ಯಾವುವೆಂದು ಹುಡುಕುವ ಕೆಲಸ ಯಾರಿಗೂ ಬೇಡ.

ಪ್ರತಿ ದಾಖಲೆಯಲ್ಲೂ ‘ಸ್ಕೀಮಾ_ವರ್ಷನ್’ ಎಂಬ ಒಂದು ಸಂಖ್ಯೆ ಇರಲಿ. ಹೊಸ ಫೀಲ್ಡ್ ಸೇರಿಸಿದರೆ ಅದನ್ನು ಮುಟ್ಟಬೇಡಿ. ಇದ್ದ ಫೀಲ್ಡ್‌ನ ಅರ್ಥ ಅಥವಾ ಬಗೆ ಬದಲಾದರೆ ಮಾತ್ರ ಏರಿಸಿ.

ಸಭಿಕರ ಪ್ರಶ್ನೆಗಳು

*ಸರ್, ಕಂಟೇನರ್ ಒಳಗೆ ಇದನ್ನು ಓಡಿಸಿದರೆ ಸರಿಯಾದ ಉತ್ತರ ಬರುತ್ತದೆಯೇ?*

ಮೆಮರಿಯ ವಿಷಯದಲ್ಲಿ ಬರುವುದಿಲ್ಲ. ಕಂಟೇನರ್ ಒಳಗಿನ ಮೆಮ್‌ಇನ್ಫೋ ಸಾಮಾನ್ಯವಾಗಿ ಹೊರಗಿನ ಇಡೀ ಯಂತ್ರದ ಮೆಮರಿಯನ್ನೇ ತೋರಿಸುತ್ತದೆ. ನಿಮಗೆ ಕೊಟ್ಟ ಪಾಲು, ಮಿತಿ ಹಾಕುವ ಕರ್ನಲ್ ವ್ಯವಸ್ಥೆಯಾದ ಸಿಗ್ರೂಪ್‌ನಲ್ಲಿದೆ. ಎರಡನೆಯ ಆವೃತ್ತಿಯಲ್ಲಿ ‘ಮೆಮರಿ.ಮ್ಯಾಕ್ಸ್’ ಕಡತ, ಮಿತಿ ಇಲ್ಲದಿದ್ದರೆ ಅದರಲ್ಲಿ ಸಂಖ್ಯೆಯ ಬದಲು ‘ಮ್ಯಾಕ್ಸ್’ ಎಂಬ ಪದ. ಹಳೆಯ ಆವೃತ್ತಿಯಲ್ಲಿ ಮಿತಿ ಇಲ್ಲ ಎನ್ನುವುದಕ್ಕೆ 9223372036854771712 ಎಂಬ ದೈತ್ಯ ಸಂಖ್ಯೆ. ಎರಡನ್ನೂ ನಲ್ ಮಾಡಿ. ಆ ದೈತ್ಯವನ್ನು ಹಾಗೇ ಬಿಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಬೇರೆ ಅಂಕಿಗಳಲ್ಲಿ ಮುದ್ರಿಸುತ್ತದೆ, 9,007 ಲಕ್ಷ ಕೋಟಿಯ ಆಸುಪಾಸು ದಾಟಿದ ಪೂರ್ಣಾಂಕಗಳನ್ನು ಅದು ಒಂದೊಂದಾಗಿ ಗುರುತಿಸಲಾರದು.

*ಇಡೀ ಸ್ಕ್ರಿಪ್ಟನ್ನು ರೂಟ್ ಆಗಿ ಓಡಿಸಬೇಕೇ?*

ಬೇಡಮ್ಮಾ. ರೂಟ್ ಬೇಕಾಗುವುದು ಸೀರಿಯಲ್, ಯುಯುಐಡಿ, ರ‍್ಯಾಮ್ ಕಡ್ಡಿಯ ವಿವರಕ್ಕೆ ಮಾತ್ರ. ಅವು ಬೂಟ್ ಆದ ಮೇಲೆ ಬದಲಾಗುವುದಿಲ್ಲ. ಬೂಟ್ ಹೊತ್ತಿನಲ್ಲಿ ಒಮ್ಮೆ ಓಡುವ ಸಿಸ್ಟಮ್‌ಡಿ ಸೇವೆಯೊಂದು ಅಷ್ಟನ್ನು ಓದಿ ‘ರನ್’ ಡೈರೆಕ್ಟರಿಯಲ್ಲಿ ನಿಮ್ಮ ಗುಂಪಿಗೆ ಮಾತ್ರ ಕಾಣುವ ಹಾಗೆ ಬರೆದಿಟ್ಟರೆ, ಉಳಿದದ್ದೆಲ್ಲ ಸಾಮಾನ್ಯ ಬಳಕೆದಾರರಾಗಿ ನಡೆಯುತ್ತದೆ. ಇನ್ನೊಂದು, ಓಡುತ್ತಿರುವ ಪ್ರಕ್ರಿಯೆಗಳ ಆದೇಶ ಸಾಲುಗಳನ್ನು ಸಂಗ್ರಹಿಸಬೇಡಿ. ಪಾಸ್‌ವರ್ಡನ್ನು ಆದೇಶದ ಜೊತೆಗೇ ಕೊಡುವವರು ಇನ್ನೂ ಇದ್ದಾರೆ, ಅದು ನಿಮ್ಮ ಗಿಟ್‌ಗೆ ಹೋಗಿ ಕೂರುತ್ತದೆ.

*ಓಎಸ್‌ಕ್ವೆರಿ ಇಷ್ಟೆಲ್ಲ ಮಾಡಿಕೊಡುತ್ತದಲ್ಲ?*

ಮಾಡಿಕೊಡುತ್ತದೆ. 2014ರಲ್ಲಿ ಫೇಸ್‌ಬುಕ್ ಬಿಡುಗಡೆ ಮಾಡಿದ್ದು, ಈಗ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿದೆ. ಯಂತ್ರವನ್ನು ಎಸ್‌ಕ್ಯೂಎಲ್‌ನಲ್ಲಿ ಕೇಳುವುದು ಸೊಗಸಾದ ಯೋಚನೆ. ಸಾವಿರಾರು ಯಂತ್ರ, ಮೂರು ಬಗೆಯ ಓಎಸ್, ದಿನವಿಡೀ ಕಣ್ಣಿಡಬೇಕು ಎಂದರೆ ಅದನ್ನೇ ಹಾಕಿ. ಅದರ ಶೆಲ್ ಕೊಡುವ ಜೇಸನ್‌ನಲ್ಲಿ ಸಂಖ್ಯೆಗಳೂ ಉದ್ಧರಣ ಚಿಹ್ನೆಯೊಳಗೆ ಬರುತ್ತವೆ ಎಂಬುದು ನೆನಪಿರಲಿ, ‘9’ ಎಂಬುದು ‘10’ಕ್ಕಿಂತ ದೊಡ್ಡದಾಗಿಬಿಡುತ್ತದೆ.

*ನಮ್ಮ ಲ್ಯಾಬ್‌ನಲ್ಲಿ ಅರ್ಧ ಯಂತ್ರ ವಿಂಡೋಸ್.*

ಪವರ್‌ಶೆಲ್‌ನಲ್ಲಿ ಗೆಟ್-ಸಿಮ್‌ಇನ್‌ಸ್ಟೆನ್ಸ್ ಬಳಸಿ, ಕನ್ವರ್ಟ್‌ಟು-ಜೇಸನ್‌ಗೆ ಕೊಡಿ. ಆಳದ ಮಿತಿ ತಾನಾಗಿ 2 ಇರುತ್ತದೆ, ಅದಕ್ಕಿಂತ ಒಳಗಿನದು ಚಪ್ಪಟೆ ಪಠ್ಯವಾಗುತ್ತದೆ, ‘ಡೆಪ್ತ್’ ಏರಿಸಿ. ಒಂದೇ ಡಿಸ್ಕ್ ಇರುವ ಯಂತ್ರದಲ್ಲಿ ಪಟ್ಟಿಯ ಬದಲು ಒಂಟಿ ವಸ್ತು ಬರುತ್ತದೆ, ಎರಡಿದ್ದರೆ ಪಟ್ಟಿ; ಮೊದಲೇ ಪಟ್ಟಿಯಾಗಿ ಸುತ್ತಿ ಕೊಡಿ. ಆಪರೇಟಿಂಗ್ ಸಿಸ್ಟಮ್ ಕ್ಲಾಸ್ ಮೆಮರಿಯನ್ನು ಕಿಲೋಬೈಟ್‌ನಲ್ಲಿ ಹೇಳುತ್ತದೆ, ಕಂಪ್ಯೂಟರ್ ಸಿಸ್ಟಮ್ ಕ್ಲಾಸ್ ಬೈಟ್‌ನಲ್ಲಿ. ಸ್ಥಾಪಿಸಿದ ತಂತ್ರಾಂಶಗಳ ಪಟ್ಟಿಗೆ ವಿನ್32_ಪ್ರಾಡಕ್ಟ್ ಮಾತ್ರ ಮುಟ್ಟಬೇಡಿ: ಅದು ಪಟ್ಟಿ ಕೊಡುವ ನೆಪದಲ್ಲಿ ಪ್ರತಿ ಎಂಎಸ್‌ಐ ಪ್ಯಾಕೇಜನ್ನೂ ಪರಿಶೀಲಿಸಹೊರಡುತ್ತದೆ, ಹಾಳಾಗಿದೆ ಎನ್ನಿಸಿದರೆ ದುರಸ್ತಿಗೂ ಇಳಿಯುತ್ತದೆ. ರಿಜಿಸ್ಟ್ರಿಯ ಅನ್‌ಇನ್‌ಸ್ಟಾಲ್ ಕೀಲಿಗಳನ್ನು ಓದಿ.

*ಜೇಸನ್ ಕಣ್ಣಿಗೆ ಕಷ್ಟ. ಯಾಮಲ್‌ನಲ್ಲಿ ಬರೆದರೆ ಆಗದೇ?*

ಯಾಮಲ್ 1.1ರಲ್ಲಿ ವಿವರಣಾ ಚಿಹ್ನೆಯಿಂದ ಬೇರೆಯಾದ ಅಂಕಿಗಳು ಅರವತ್ತರ ಆಧಾರದ ಸಂಖ್ಯೆ, ಗಂಟೆ-ನಿಮಿಷ-ಸೆಕೆಂಡಿನ ಹಾಗೆ. ಕ್ಯೂಎಮು ತನ್ನ ವರ್ಚುವಲ್ ಯಂತ್ರಗಳಿಗೆ ಕೊಡುವ ಮ್ಯಾಕ್ ವಿಳಾಸ 52:54:00ರಿಂದ ಶುರುವಾಗುತ್ತದೆ. ಉಳಿದ ಮೂರು ಜೋಡಿಗಳಲ್ಲಿ ಅಕ್ಷರ ಬಾರದೆ, ಯಾವುದೂ 59 ದಾಟದೆ ಇದ್ದರೆ, 52:54:00:12:34:56 ಎಂಬ ವಿಳಾಸವನ್ನು ಓದುವ ಪಾರ್ಸರ್ ಅದನ್ನು ಒಂದು ದೊಡ್ಡ ಪೂರ್ಣಾಂಕ ಮಾಡಿ ಕೈಗಿಡುತ್ತದೆ. ಅಕ್ಷರವಿರುವ ವಿಳಾಸಗಳೆಲ್ಲ ಸರಿಯಾಗಿಯೇ ಬರುವುದರಿಂದ ಅಂಥ ಒಂದು ಯಂತ್ರ ಸಿಗುವವರೆಗೆ ತಪ್ಪು ಕಾಣುವುದೇ ಇಲ್ಲ. ಯಾಮಲ್ ಬರೆಯಲೇಬೇಕೆಂದಿದ್ದರೆ ಪ್ರತಿ ಮ್ಯಾಕ್ ವಿಳಾಸಕ್ಕೂ ಉದ್ಧರಣ ಚಿಹ್ನೆ ಹಾಕಿ.